ಹಳೇ ಟ್ರಾಕ್ಟರ್ ಬೆಳಗ್ಗೆ ಹತ್ತುತ್ತಿಲ್ಲವೇ? ಮೊದಲು ಹೊಗೆ ನೋಡಿ

ಪ್ರಶ್ನೆ: ಅಣ್ಣ, ರಾಣೆಬೆನ್ನೂರು ಕಡೆಯವನು. ನಮ್ಮದು 20 ವರ್ಷದ ಹಳೇ ಮೂರು ಸಿಲಿಂಡರ್ ಟ್ರಾಕ್ಟರ್. ಬೆಳಗ್ಗೆ ಸೆಲ್ಫ್ ಹೊಡೆದು ಹೊಡೆದು ಬ್ಯಾಟರಿ ಇಳಿದುಹೋಗುತ್ತದೆ. ಒಮ್ಮೆ ಹತ್ತಿಕೊಂಡರೆ ಸಂಜೆವರೆಗೂ ತೊಂದರೆ ಇಲ್ಲ, ಊಟಕ್ಕೆ ನಿಲ್ಲಿಸಿ ಬಂದರೂ ಒಂದೇ ಸಲಕ್ಕೆ ಸ್ಟಾರ್ಟ್. ಎಂಜಿನ್ ಬೋರ್ (ಸಿಲಿಂಡರ್ ಒಳಗೋಡೆ) ಸವೆದುಹೋಗಿದೆ, ಎಂಜಿನ್ ಇಳಿಸಬೇಕು ಅಂತ ಒಬ್ಬರು ಹೇಳಿದರು. ಮೆಕ್ಕೆಜೋಳ ಬಿತ್ತೋ ಹೊತ್ತು, ಏನು ಮಾಡಲಿ?

ಮೆಕ್ಯಾನಿಕ್: ಈಗಲೇ ಬಿಚ್ಚಿಸಬೇಡಿ. ಸೆಲ್ಫ್ ಹೊಡೆಯುವಾಗ ಯಾರನ್ನಾದರೂ ಸೈಲೆನ್ಸರ್ ನೋಡಲು ನಿಲ್ಲಿಸಿ. ಬಿಳಿ ಹೊಗೆ ಬಂದರೆ ಡೀಸೆಲ್ ಒಳಗೆ ಹೋಗುತ್ತಿದೆ, ಉರಿಯುತ್ತಿಲ್ಲ. ಡೀಸೆಲ್ ಎಂಜಿನ್‌ನಲ್ಲಿ ಕಿಡಿ ಇಲ್ಲ ಅಲ್ವಾ, ಒತ್ತಿದ ಗಾಳಿಯ ಬಿಸಿಗೇ ಹತ್ತಬೇಕು. ಕಂಪ್ರೆಷನ್ ಕಮ್ಮಿ ಇದ್ದರೂ, ಬ್ಯಾಟರಿ ಸೋತು ಸೆಲ್ಫ್ ನಿಧಾನ ತಿರುಗಿದರೂ ಆ ಬಿಸಿ ಹುಟ್ಟುವುದಿಲ್ಲ. ಹೊಗೆಯೇ ಇಲ್ಲದಿದ್ದರೆ ಡೀಸೆಲ್ಲೇ ತಲುಪುತ್ತಿಲ್ಲ. ನಿಮ್ಮದು ಯಾವುದು?

ಪ್ರಶ್ನೆ: ತುಂಬಾ ಹೊತ್ತು ಹೊಗೆಯೇ ಇಲ್ಲ ಅಣ್ಣ. ಕೊನೆಗೆ ಬುಸ್ ಅಂತ ಬಿಟ್ಟು ಹತ್ತುತ್ತದೆ. ಸೆಲ್ಫ್ ಮೊದಮೊದಲು ಜೋರಾಗೇ ತಿರುಗುತ್ತದೆ. ಕೆಳಗೆ ಎಲ್ಲೂ ಸೋರಿಲ್ಲ.

ಮೆಕ್ಯಾನಿಕ್: ಹಾಗಾದರೆ ನನ್ನ ಅನುಮಾನ ಡೀಸೆಲ್ ಪೈಪ್‌ಗೆ ಸೇರಿಕೊಂಡ ಏರ್ (ಗಾಳಿ) ಮೇಲೆ. ಟ್ಯಾಂಕ್‌ನಿಂದ ಫೀಡ್ ಪಂಪ್‌ವರೆಗಿನ ಪೈಪ್ ಎಳೆಯುವ ಕಡೆಯದು, ಆ ಪಂಪ್ ಅದರಿಂದಲೇ ಡೀಸೆಲ್ ಎಳೆದುಕೊಳ್ಳುತ್ತದೆ. ಅಲ್ಲಿ ಸಣ್ಣ ಸಂದಿ ಇದ್ದರೆ ಹೊರಗೆ ಹನಿ ಬೀಳದೆಯೂ ಗಾಳಿ ಒಳಗೆ ಹೋಗುತ್ತದೆ, ರಾತ್ರಿ ಡೀಸೆಲ್ ಹಿಂದಕ್ಕೆ ಇಳಿಯುತ್ತದೆ. ಟ್ಯಾಂಕ್ ಖಾಲಿ ಇದ್ದಷ್ಟೂ ಇದು ಜಾಸ್ತಿ. ಇವತ್ತು ಸಂಜೆ ಟ್ಯಾಂಕ್ ತುಂಬಿಸಿ ನಿಲ್ಲಿಸಿ. ಬೆಳಗ್ಗೆ ಸೆಲ್ಫ್ ಮುಟ್ಟುವ ಮೊದಲು ಎಂಜಿನ್ ಆಫ್ ಮಾಡಲು ಎಳೆಯುವ ಸ್ಟಾಪ್ ಕೇಬಲ್ ಪೂರ್ತಿ ಒಳಗೆ ಕೂತಿದೆಯಾ ನೋಡಿ, ಡೀಸೆಲ್ ಫಿಲ್ಟರ್ ಮೇಲಿನ ಏರ್ ಸ್ಕ್ರೂ ಸಡಿಲಿಸಿ, ಡೀಸೆಲ್ ತಳ್ಳುವ ಕೈ ಪಂಪ್ ಒತ್ತಿ. ನೊರೆ ನೊರೆ ಬಂದರೆ ಗಾಳಿ ಹಿಡಿದಿದೆ. ಗುಳ್ಳೆ ನಿಂತು ಬರೀ ಡೀಸೆಲ್ ಬಂದಾಗ, ಪಂಪ್ ಒತ್ತುತ್ತಲೇ ಸ್ಕ್ರೂ ಬಿಗಿ ಮಾಡಿ. ಸೆಲ್ಫ್ 10 ಸೆಕೆಂಡ್‌ಗಿಂತ ಜಾಸ್ತಿ ಒಂದೇ ಸಮನೆ ಹೊಡೆಯಬೇಡಿ. ಬೇಗ ಹತ್ತಲಿ ಅಂತ ಹೊಡೆಯುವ ಈಥರ್ ಸ್ಪ್ರೇ ಖಂಡಿತ ಬೇಡ, ಪಿಸ್ಟನ್ ರಿಂಗ್ ಮುರಿದು ನಿಜವಾಗಿಯೂ ಎಂಜಿನ್ ಇಳಿಸಬೇಕಾಗಬಹುದು. ಎಂಜಿನ್ ಒಳಗೆ ಡೀಸೆಲ್ ಚಿಮ್ಮಿಸುವ ನಾಜಲ್‌ನ ಪೈಪ್ ಬಿಚ್ಚಿ ಕೈ ಅಡ್ಡ ಹಿಡಿಯಲೂಬೇಡಿ, ಆ ಒತ್ತಡಕ್ಕೆ ಡೀಸೆಲ್ ಚರ್ಮ ತೂರಿಬಿಡುತ್ತದೆ.

ಪ್ರಶ್ನೆ: ನೊರೆ ಬಂತು ಅಣ್ಣ! ಏರ್ ತೆಗೆದ ಮೇಲೆ ಎರಡನೇ ಸಲಕ್ಕೇ ಹತ್ತಿತು. ಫೀಡ್ ಪಂಪ್ ಹತ್ತಿರ ಕ್ಲಿಪ್ ಸರಿಸಿದರೆ ರಬ್ಬರ್ ಪೈಪ್ ಕೂದಲೆಳೆಯಷ್ಟು ಬಿರಿದಿದೆ. ತುದಿ ಕತ್ತರಿಸಿ ಮತ್ತೆ ಹಾಕಲಾ?

ಮೆಕ್ಯಾನಿಕ್: ಇವತ್ತಿನ ಕೆಲಸಕ್ಕೆ ಸಾಕು. ಆದರೆ ಒಂದು ಕಡೆ ಬಿರಿದ ರಬ್ಬರ್ ಇನ್ನೊಂದು ಕಡೆಯೂ ಬಿರಿಯುತ್ತದೆ, ನಾಳೆ ಹೊಸದು ಹಾಕಿ. ಅಂಗಡಿಯಲ್ಲಿ ಡೀಸೆಲ್ ಪೈಪ್ ಅಂತಲೇ ಕೇಳಿ, ನೀರಿನ ಪೈಪ್ ಡೀಸೆಲ್‌ಗೆ ತಡೆಯುವುದಿಲ್ಲ. ಜೊತೆಗೆ ಪೈಪ್ ಜಾಯಿಂಟ್‌ಗಳ ತಾಮ್ರದ ವಾಷರ್‌ಗಳನ್ನೂ ಬದಲಿಸಿ.