ಹಿಮದಲ್ಲಿ ಓಡಾಡುವ ಮಕ್ಕಳಿಗೆ ಎಂಥ ಬೆಚ್ಚನೆಯ ಉಡುಪು ಕೊಳ್ಳಬೇಕು?

ಪ್ರಶ್ನೆ – ಬಸವನಗುಡಿಯ ತಾಯಿ

ಎಲ್ಲರಿಗೂ ನಮಸ್ಕಾರ. ಡಿಸೆಂಬರ್ ಕೊನೆಯ ವಾರದ ರಜೆಯಲ್ಲಿ ನಾವು ಕುಟುಂಬ ಸಮೇತ ಮನಾಲಿಗೆ ಹೋಗಲಿದ್ದೇವೆ. ಮಗಳಿಗೆ ಎಂಟು ವರ್ಷ, ಮಗನಿಗೆ ನಾಲ್ಕು. ಇಬ್ಬರೂ ಒಂದು ಕಡೆ ನಿಲ್ಲುವವರಲ್ಲ. ಹಿಮ ಕಂಡರೆ ಅದರಲ್ಲಿ ಹೊರಳಾಡದೆ ಬರುವುದಿಲ್ಲ ಎಂಬುದು ಖಚಿತ. ಇದುವರೆಗೆ ಅವರು ಕಂಡಿರುವುದು ಬೆಂಗಳೂರಿನ ಮಾಗಿಯ ಚಳಿಯನ್ನು ಮಾತ್ರ.

ಆ ಚಳಿಯಲ್ಲೇ ನಮಗೊಂದು ತೊಡಕಿದೆ. ಮಗಳು ಬೆಳಿಗ್ಗೆ ಆರಕ್ಕೆ ಅಥ್ಲೆಟಿಕ್ಸ್ ತರಬೇತಿಗೆ ಹೋಗುತ್ತಾಳೆ. ಹೊರಗೆ ಹದಿನಾರು ಡಿಗ್ರಿಯಷ್ಟಿರುವಾಗ ನಮ್ಮ ಅತ್ತೆಯವರು ಹತ್ತಿಯ ಬನಿಯನ್, ಅದರ ಮೇಲೆ ಸ್ವೆಟರ್, ಅದರ ಮೇಲೆ ಜರ್ಕಿನ್, ತಲೆಗೆ ಮಂಕಿ ಕ್ಯಾಪ್ ಹಾಕಿಸಿಯೇ ಕಳಿಸುತ್ತಾರೆ. ಮೊಮ್ಮಗಳಿಗೆ ಶೀತವಾಗಬಾರದೆಂಬ ಅವರ ಕಾಳಜಿ ನನಗೆ ಅರ್ಥವಾಗುತ್ತದೆ. ಆದರೆ ಮೈದಾನದಲ್ಲಿ ಒಂದೆರಡು ಸುತ್ತು ಓಡುವಷ್ಟರಲ್ಲಿ ಬನಿಯನ್ ಹಿಂಡುವಂತೆ ತೊಯ್ದಿರುತ್ತದೆ, ಅನಂತರ ಸರದಿಗಾಗಿ ಸಾಲಿನಲ್ಲಿ ನಿಂತಾಗ ಮಗು ನಡುಗುತ್ತದೆ. ಇಲ್ಲೇ ಹೀಗಾದರೆ ಸೊನ್ನೆಗಿಂತ ಕೆಳಗಿನ ಚಳಿಯಲ್ಲಿ ಹೇಗೆ ಎಂಬುದು ನನ್ನ ಚಿಂತೆ. ಮಕ್ಕಳು ವರ್ಷದೊಳಗೆ ಬಟ್ಟೆ ಮೀರಿ ಬೆಳೆಯುವುದರಿಂದ, ಕೊಂಡದ್ದು ಸಾಧ್ಯವಾದಷ್ಟು ಇಲ್ಲಿಯೂ ಉಪಯೋಗಕ್ಕೆ ಬರಬೇಕೆಂಬ ಆಸೆಯೂ ಇದೆ. ಅನುಭವ ಇರುವವರು ದಯವಿಟ್ಟು ತಿಳಿಸಿ.

ಉತ್ತರ – ಬೆಟ್ಟದ ಹಾದಿ

ಮಕ್ಕಳನ್ನು ಹಿಮಾಲಯದ ಚಾರಣಕ್ಕೆ ಕರೆದೊಯ್ಯುವ ತಂಡದೊಡನೆ ಹಲವು ವರ್ಷಗಳಿಂದ ಕೆಲಸ ಮಾಡುತ್ತಿರುವುದರಿಂದ ಕೊಂಚ ವಿವರವಾಗಿಯೇ ಬರೆಯುತ್ತೇನೆ.

ನಿಮ್ಮ ಮಗಳು ನಡುಗುವುದು ಬನಿಯನ್ ತೊಯ್ದಿರುವುದರಿಂದ. ಇನ್ನೊಂದು ಸ್ವೆಟರ್ ಹಾಕಿದರೆ ಅವಳು ಇನ್ನಷ್ಟು ಬೆವರಿ, ನಿಂತಾಗ ಇನ್ನಷ್ಟು ನಡುಗುತ್ತಾಳೆ. ಬಟ್ಟೆಯ ಎಳೆಗಳ ನಡುವೆ ಅಲುಗಾಡದೆ ನಿಂತ ಗಾಳಿಯೇ ನಮ್ಮನ್ನು ಬೆಚ್ಚಗಿಡುವುದು. ಹತ್ತಿ ಬೆವರನ್ನು ಹೀರಿಕೊಂಡಾಗ ಆ ಗಾಳಿಯ ಜಾಗಕ್ಕೆ ನೀರು ಬರುತ್ತದೆ. ನೀರಿನ ಮೂಲಕ ಶಾಖ ಗಾಳಿಗಿಂತ 20 ಪಟ್ಟಿಗೂ ಹೆಚ್ಚು ಸುಲಭವಾಗಿ ಹರಿದುಹೋಗುತ್ತದೆ. ಬೇಸಿಗೆಯಲ್ಲಿ ಹತ್ತಿಯನ್ನು ನಾವು ಮೆಚ್ಚುವುದು ಯಾವ ಗುಣಕ್ಕೋ, ಚಳಿಯಲ್ಲಿ ಓಡಾಡುವ ಮಗುವಿಗೆ ಅದೇ ಗುಣ ತೊಂದರೆ ಕೊಡುತ್ತದೆ. ಆದ್ದರಿಂದ ಮನಾಲಿಗೆ ಹೊರಡುವಾಗ ಹತ್ತಿಯ ಬನಿಯನ್, ಹತ್ತಿಯ ಸಾಕ್ಸ್ ಮತ್ತು ಜೀನ್ಸ್‌ಗಳನ್ನು ಮನೆಯಲ್ಲೇ ಬಿಡಿ. ಜೀನ್ಸ್ ಒಮ್ಮೆ ಹಿಮದಲ್ಲಿ ನೆನೆದರೆ ಆ ದಿನವಿಡೀ ಒಣಗುವುದಿಲ್ಲ.

ಮೈಗೆ ತಾಗುವ ಒಳಪದರ ಪಾಲಿಯೆಸ್ಟರ್‌ನದ್ದೋ ಮೆರಿನೊ ಎಂಬ ನವಿರು ಉಣ್ಣೆಯದ್ದೋ ಆಗಿರಲಿ. ಅದು ಮೈಗೆ ಅಂಟಿಕೊಂಡಂತೆ ಇರಬೇಕು, ಸಡಿಲವಾಗಿದ್ದರೆ ಬೆವರನ್ನು ಹೊರಕ್ಕೆ ಎಳೆಯಲಾರದು. ನಡುವಣ ಪದರಕ್ಕೆ ಫ್ಲೀಸ್ (ಪಾಲಿಯೆಸ್ಟರಿನ ಮೃದುವಾದ, ಜುಂಗಿನಂಥ ಬಟ್ಟೆ) ಅಥವಾ ಉಣ್ಣೆಯ ಸ್ವೆಟರ್ ಸಾಕು, ಆದರೆ ಮುಂಭಾಗದಲ್ಲಿ ಜಿಪ್ ಇರುವುದನ್ನೇ ಆರಿಸಿಕೊಳ್ಳಿ. ತಲೆಯ ಮೇಲಿಂದ ಎಳೆದು ತೆಗೆಯಬೇಕಾದ ಸ್ವೆಟರನ್ನು ಆಟದ ನಡುವೆ ಯಾವ ಮಗುವೂ ತೆಗೆಯಲು ಒಪ್ಪುವುದಿಲ್ಲ. ಜಿಪ್ಪಾದರೆ ಅರ್ಧ ಇಳಿಸಿಕೊಂಡು ಓಡುತ್ತಿರುತ್ತದೆ. ಹೊರಪದರದ ಕೆಲಸ ಗಾಳಿ ಮತ್ತು ನೀರನ್ನು ತಡೆಯುವುದು. ಫ್ಲೀಸ್ ಎಷ್ಟೇ ದಪ್ಪವಿದ್ದರೂ ಗಾಳಿ ಅದರೊಳಗೆ ಸಲೀಸಾಗಿ ನುಗ್ಗುತ್ತದೆ. ಉಷ್ಣಾಂಶ ಸೊನ್ನೆ ಡಿಗ್ರಿ ಇದ್ದು ಗಂಟೆಗೆ 30 ಕಿಲೋಮೀಟರ್ ವೇಗದ ಗಾಳಿ ಬೀಸುತ್ತಿದ್ದರೆ, ತೆರೆದ ಮೈಗೆ ಅದು ಸೊನ್ನೆಗಿಂತ ಆರೇಳು ಡಿಗ್ರಿ ಕೆಳಗಿನ ಚಳಿಯಂತೆ ತಾಗುತ್ತದೆ. ಈ ಹೊರ ಜರ್ಕಿನ್ ಒಳಗಿನ ಎರಡು ಪದರಗಳನ್ನು ಅದುಮದಷ್ಟು ಸಡಿಲವಾಗಿರಲಿ. ಅಂಗಡಿಯಲ್ಲಿ ನೋಡುವಾಗ ಒಳಗೆ ಫ್ಲೀಸ್ ತೊಡಿಸಿಯೇ ಹಾಕಿ, ಕೈ ಎತ್ತಿಸಿ, ಕುಕ್ಕರುಗಾಲಿನಲ್ಲಿ ಕೂರಿಸಿ ನೋಡಿ. ಬೆನ್ನು ಕಾಣಿಸಿದರೆ ಆ ಜರ್ಕಿನ್ ಬೇಡ.

ಯಾವಾಗ ಎಷ್ಟು ಹಾಕಬೇಕು ಎಂಬುದರಲ್ಲೇ ಹೆಚ್ಚಿನ ಹೆತ್ತವರು ಎಡವುವುದನ್ನು ನಾನು ನೋಡಿದ್ದೇನೆ. ದೊಡ್ಡವರು ಕೈಕಟ್ಟಿ ನಿಂತಿರುತ್ತಾರೆ, ಮಗು ಇಳಿಜಾರನ್ನು ಹತ್ತಿ ಇಳಿಯುತ್ತಿರುತ್ತದೆ. ನಿಂತವರು ತಮ್ಮ ಚಳಿಯನ್ನು ಮಗುವಿನದೆಂದು ಭಾವಿಸಿ ಮತ್ತೊಂದು ಪದರ ಹೊದಿಸುತ್ತಾರೆ. ಆಟಕ್ಕೆ ಇಳಿಯುವಾಗ ಮಗುವಿಗೆ ಸ್ವಲ್ಪ ಚಳಿ ಎನಿಸಿದರೆ ಅದೇ ಸರಿ, ಐದು ನಿಮಿಷದಲ್ಲಿ ಮೈ ಕಾಯುತ್ತದೆ. ಆಗಾಗ ಅದರ ಕತ್ತಿನ ಹಿಂಭಾಗದಲ್ಲಿ, ಕಾಲರಿನೊಳಗೆ, ಎರಡು ಬೆರಳು ಇಟ್ಟು ನೋಡಿ. ಬೆಚ್ಚಗೆ, ಒಣಗಿದ್ದರೆ ಸುಮ್ಮನಿರಿ. ಬೆವರು ತಾಗಿದರೆ ಒಂದು ಪದರ ತೆಗೆಯಿರಿ. ತಣ್ಣಗಿದ್ದರೆ ಒಂದು ಪದರ ಸೇರಿಸಿ. ಕೈ ಮುಟ್ಟಿ ನಿರ್ಧರಿಸಬೇಡಿ, ಮಕ್ಕಳ ಕೈ ಮೈ ಬೆಚ್ಚಗಿರುವಾಗಲೂ ತಣ್ಣಗಿರುತ್ತದೆ. ಆಟ ನಿಂತ ಕೂಡಲೇ, ನಡುಕ ಬರುವವರೆಗೆ ಕಾಯದೆ, ತೆಗೆದದ್ದನ್ನು ಮತ್ತೆ ಹಾಕಿ.

ಇನ್ನೊಂದು ವಿಷಯ. ಮನಾಲಿ ಇರುವುದು ಸುಮಾರು 2,050 ಮೀಟರ್ ಎತ್ತರದಲ್ಲಿ. 2020ರ ಅಕ್ಟೋಬರ್‌ನಲ್ಲಿ ತೆರೆದ, 9.02 ಕಿಲೋಮೀಟರ್ ಉದ್ದದ ಅಟಲ್ ಸುರಂಗವನ್ನು ದಾಟಿ ಲಾಹೌಲ್ ಕಡೆ ಹೋಗುವುದಾದರೆ ನೀವು 3,000 ಮೀಟರ್ ದಾಟಿರುತ್ತೀರಿ. ಪ್ರತಿ 1,000 ಮೀಟರಿಗೆ ಉಷ್ಣಾಂಶ ಸುಮಾರು ಆರು ಡಿಗ್ರಿ ಇಳಿಯುವುದರಿಂದ, ಊರಿನಲ್ಲಿ ಸಾಕೆನಿಸಿದ ಉಡುಪು ಅಲ್ಲಿ ಸಾಲದು. ಟೋಪಿ, ಕೈಗವಸುಗಳನ್ನು ಡಿಕ್ಕಿಯಲ್ಲಿಡದೆ ಕೈಗೆಟಕುವಂತೆ ಇಟ್ಟುಕೊಳ್ಳಿ.

ಉತ್ತರ – ಪೀಣ್ಯದ ನೂಲು

ನಾನು ರಫ್ತು ಉಡುಪು ತಯಾರಿಸುವ ಕಾರ್ಖಾನೆಯಲ್ಲಿ ಗುಣಮಟ್ಟ ಪರೀಕ್ಷೆಯ ವಿಭಾಗದಲ್ಲಿದ್ದೇನೆ. ಮೇಲಿನವರು ಹೇಳಿದ್ದಕ್ಕೆ ಬಟ್ಟೆಯ ಕಡೆಯಿಂದ ಒಂದಿಷ್ಟು ಸೇರಿಸುತ್ತೇನೆ.

ಅಂಗಡಿಯವರು ಹೇಳುವುದಕ್ಕಿಂತ ಒಳ ಹೊಲಿಗೆಯಲ್ಲಿರುವ ಲೇಬಲ್ ಓದಿ. ನಮ್ಮಲ್ಲಿ ಉಣ್ಣೆಯ ಸ್ವೆಟರ್ ಎಂದು ಕರೆಸಿಕೊಳ್ಳುವ ಬಹುಪಾಲು ಸ್ವೆಟರ್‌ಗಳು ಅಕ್ರಿಲಿಕ್ ನೂಲಿನವು. ಮೆಜೆಸ್ಟಿಕ್ ಸುತ್ತಮುತ್ತ ಚಳಿಗಾಲದಲ್ಲಿ ಟಿಬೆಟಿಯನ್ ವ್ಯಾಪಾರಿಗಳು ಮಾರುವ ಸ್ವೆಟರ್‌ಗಳಲ್ಲಿಯೂ ಎರಡೂ ಬಗೆ ಇರುತ್ತವೆ, ಕೇಳಿ ನೋಡಿ ಕೊಳ್ಳಬೇಕು. ಅಕ್ರಿಲಿಕ್ ಕೆಟ್ಟದ್ದಲ್ಲ, ಹಗುರವಾಗಿದೆ, ಬೆಲೆಯೂ ಕಡಿಮೆ, ಬೆಂಗಳೂರಿನ ಚಳಿಗೆ ಧಾರಾಳ ಸಾಕು. ಆದರೆ ಉಣ್ಣೆ ತನ್ನ ತೂಕದ ಶೇಕಡಾ 30ರಷ್ಟು ತೇವವನ್ನು ಎಳೆಯೊಳಗೇ ಇಟ್ಟುಕೊಂಡು ಹೊರಗೆ ಒದ್ದೆ ಎನಿಸದಂತೆ ಇರಬಲ್ಲದು. ಆ ಗುಣ ಅಕ್ರಿಲಿಕ್‌ಗೆ ಇಲ್ಲ. ಪಾಲಿಯೆಸ್ಟರ್ ಶೇಕಡಾ ಒಂದರಷ್ಟೂ ಹೀರುವುದಿಲ್ಲವಾದ್ದರಿಂದ ಬೇಗ ಒಣಗುತ್ತದೆ. ಮಕ್ಕಳು ಉಣ್ಣೆ ಚುಚ್ಚುತ್ತದೆ ಎಂದು ದೂರುವುದು ಎಳೆ ದಪ್ಪವಿರುವಾಗ; ಮೆರಿನೊ ಎಳೆ ಸಾಮಾನ್ಯವಾಗಿ 24 ಮೈಕ್ರಾನ್‌ಗಿಂತ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ತೆಳುವಾಗಿರುವುದರಿಂದ ಹಾಗೆ ಚುಚ್ಚದು, ಬೆಲೆ ಮಾತ್ರ ಹೆಚ್ಚು. ನಮ್ಮ ಚಳ್ಳಕೆರೆ ಕಡೆಯ ಕುರಿಯ ಕಂಬಳಿ ಮಳೆಯನ್ನೂ ತಡೆಯುವ ಉತ್ತಮ ವಸ್ತು. ಅದರ ಉಣ್ಣೆ ಒರಟಾದ್ದರಿಂದ ಮೈಗೆ ತಾಗಿಸಿ ತೊಡಿಸಲಾಗದಿದ್ದರೂ, ಹಿಮದ ಬಳಿ ಮಕ್ಕಳನ್ನು ಕೂರಿಸಿ ಊಟ ಮಾಡಿಸುವಾಗ ಕೆಳಗೆ ಹಾಸಲು ಅದಕ್ಕಿಂತ ಒಳ್ಳೆಯದು ಸಿಗದು. ಜಾಗವಿದ್ದರೆ ಒಂದನ್ನು ಕೊಂಡೊಯ್ಯಿರಿ.

ಜರ್ಕಿನ್ ಗಾಳಿ ತಡೆಯುತ್ತದೆಯೇ ಎಂದು ತಿಳಿಯಲು ಬಟ್ಟೆಯನ್ನು ಬಾಯಿಗೆ ಒತ್ತಿ ಹಿಡಿದು ಜೋರಾಗಿ ಊದಿ; ಆಚೆ ಬದಿಯಲ್ಲಿ ಅಂಗೈಗೆ ಉಸಿರು ತಾಗಿದರೆ ಅದು ತಡೆಯುವುದಿಲ್ಲ. ನೀರಿನ ವಿಷಯದಲ್ಲಿ ಹೊಲಿಗೆಗಳನ್ನು ಒಳಗಿನಿಂದ ನೋಡಿ. ಸೂಜಿ ಹೋದಲ್ಲೆಲ್ಲ ರಂಧ್ರವಿರುತ್ತದೆ, ಅದರ ಮೇಲೆ ಟೇಪ್ ಅಂಟಿಸಿದ್ದರೆ ಮಾತ್ರ ನೀರು ಒಳಬರುವುದಿಲ್ಲ. ಹಕ್ಕಿಯ ತುಪ್ಪುಳ ತುಂಬಿದ ಜಾಕೆಟ್ ಒಣಗಿದ್ದಾಗ ಬಹಳ ಬೆಚ್ಚಗಿರುತ್ತದೆ, ನೆನೆದರೆ ಮುದ್ದೆಯಾಗಿ ಶಾಖ ಹಿಡಿಯುವ ಗುಣವನ್ನು ಕಳೆದುಕೊಳ್ಳುತ್ತದೆ. ಹಿಮದಲ್ಲಿ ಹೊರಳುವ ಮಕ್ಕಳಿಗೆ ಪಾಲಿಯೆಸ್ಟರ್ ತುಂಬಿದ್ದೇ ಸರಿ.

ಈಗ ಹೇಳುವುದನ್ನು ದಯವಿಟ್ಟು ಗಮನವಿಟ್ಟು ಓದಿ. ಟೋಪಿಯ ಅಂಚಿನಲ್ಲಿ, ಕುತ್ತಿಗೆಯ ಬಳಿ ಎಳೆದು ಕಟ್ಟುವ ದಾರವಿರುವ ಜರ್ಕಿನ್‌ಗಳನ್ನು ಮಕ್ಕಳಿಗೆ ಕೊಳ್ಳಲೇಬೇಡಿ. ಜಾರುಬಂಡೆಯ ಸಂದಿಗೆ ಆ ದಾರ ಸಿಕ್ಕಿಕೊಂಡು ಮಕ್ಕಳು ಉಸಿರುಗಟ್ಟಿ ಸತ್ತ ಪ್ರಕರಣಗಳಿಂದಾಗಿ 1996ರಲ್ಲಿಯೇ ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗ ಇದರ ವಿರುದ್ಧ ಮಾರ್ಗಸೂಚಿ ಹೊರಡಿಸಿತು, ಯುರೋಪಿನಲ್ಲಿಯೂ ಇದಕ್ಕೆ ಪ್ರತ್ಯೇಕ ಮಾನದಂಡವಿದೆ. ನಮ್ಮ ಮೇಜಿಗೆ ಬರುವ ಮಕ್ಕಳ ಉಡುಪಿನಲ್ಲಿ ಮೊದಲು ನೋಡುವುದೇ ಇದನ್ನು. ಆದರೆ ಇಲ್ಲಿನ ಪೇಟೆಯಲ್ಲಿ ದಾರವಿರುವ ಜರ್ಕಿನ್‌ಗಳು ಇಂದಿಗೂ ಸಿಗುತ್ತವೆ. ಮನೆಯಲ್ಲಿ ಈಗಾಗಲೇ ಇದ್ದರೆ ದಾರವನ್ನು ಪೂರ್ತಿ ಎಳೆದು ತೆಗೆದುಬಿಡಿ. ಉದ್ದನೆಯ ಮಫ್ಲರ್ ಕೂಡ ಆಡುವ ಮಗುವಿಗೆ ಬೇಡ. ತಲೆಯಿಂದ ತೂರಿಸಿ ಹಾಕುವ ಕುತ್ತಿಗೆ ಪಟ್ಟಿ ಅಗ್ಗವಾಗಿ ದೊರೆಯುತ್ತದೆ.

ಅಲ್ಲಿನ ಹೋಟೆಲುಗಳಲ್ಲಿ ಸಂಜೆ ಬೆಂಕಿ ಹಾಕುತ್ತಾರೆ. ಫ್ಲೀಸ್, ಪಾಲಿಯೆಸ್ಟರ್, ಅಕ್ರಿಲಿಕ್ ಮೂರೂ ಕಿಡಿ ತಾಗಿದರೆ ಕರಗಿ ಚರ್ಮಕ್ಕೆ ಅಂಟುತ್ತವೆ. ಮಕ್ಕಳನ್ನು ಬೆಂಕಿಯಿಂದ ದೂರ ಕೂರಿಸಿ.

ಪ್ರಶ್ನೆ ಕೇಳಿದವರು – ಬಸವನಗುಡಿಯ ತಾಯಿ

ಇಬ್ಬರಿಗೂ ಮನಃಪೂರ್ವಕ ಧನ್ಯವಾದಗಳು. ಮಗನ ಜರ್ಕಿನ್ನಿನ ಟೋಪಿಯಲ್ಲಿ ದಾರವಿತ್ತು, ಓದಿದ ತಕ್ಷಣ ತೆಗೆದೆ. ಎರಡು ಸಂದೇಹಗಳು ಉಳಿದಿವೆ. ಮನಾಲಿ ಸಮೀಪದ ಸೋಲಂಗ್ ಕಣಿವೆಗೆ ಹೋಗುವ ದಾರಿಯಲ್ಲಿ ಹಿಮದ ಉಡುಪು ಮತ್ತು ಗಂಬೂಟು ಬಾಡಿಗೆಗೆ ಕೊಡುತ್ತಾರೆಂದು ಕೇಳಿದ್ದೇನೆ. ಅದನ್ನೇ ನಂಬಿಕೊಂಡರೆ ಹೊರಪದರಕ್ಕೆ ಹಣ ಹಾಕುವುದು ತಪ್ಪುತ್ತದೆಯೇ? ಮತ್ತು ನಾಲ್ಕು ವರ್ಷದವನಿಗೆ ಅಕ್ಕನಿಗಿಂತ ಬೇರೆ ಎಚ್ಚರಿಕೆ ಏನಾದರೂ ಬೇಕೆ?

ಉತ್ತರ – ಇಬ್ಬರು ಮಕ್ಕಳ ಅಮ್ಮ, ಮಲ್ಲೇಶ್ವರ

ಪತಿಯ ಕೆಲಸದ ಕಾರಣ ನಾವು ಕೆಲವು ವರ್ಷ ಶಿಮ್ಲಾದಲ್ಲಿ ಇದ್ದೆವು, ಮಕ್ಕಳು ಅಲ್ಲಿಯೇ ನಡೆಯಲು ಕಲಿತರು. ನಿಮ್ಮ ಎರಡನೆಯ ಪ್ರಶ್ನೆಯಿಂದ ಆರಂಭಿಸುತ್ತೇನೆ.

ಮಗು ಚಿಕ್ಕದಾದಷ್ಟೂ ಅದರ ತೂಕಕ್ಕೆ ಹೋಲಿಸಿದರೆ ಚರ್ಮದ ಹರವು ಹೆಚ್ಚು, ಆದ್ದರಿಂದ ಶಾಖ ಬೇಗ ಕಳೆದುಹೋಗುತ್ತದೆ. ಅಲ್ಲದೆ ನಾಲ್ಕು ವರ್ಷದ ಮಗು ಆಟದ ಸಂಭ್ರಮದಲ್ಲಿ ಚಳಿಯಾಗುತ್ತಿದೆ ಎಂದು ಹೇಳುವುದಿಲ್ಲ. ಆಡುತ್ತಿದ್ದ ಮಗು ಇದ್ದಕ್ಕಿದ್ದಂತೆ ಮಂಕಾಗುವುದು, ಹಟ ಮಾಡುವುದು, ಎಡವುವುದು ಕಂಡರೆ ಒಳಗೆ ಕರೆದುಕೊಂಡು ಹೋಗಿ ಒಣ ಬಟ್ಟೆ ಹಾಕಿ, ಬಿಸಿಯಾದದ್ದು ಕುಡಿಸಿ. ಬೆರಳ ತುದಿ, ಕಿವಿ, ಕೆನ್ನೆ ಬಿಳಿಚಿಕೊಂಡು ಮರಗಟ್ಟಿದ್ದರೆ ಉಜ್ಜಬಾರದು. ನಿಮ್ಮ ಅಂಗೈಯಿಂದ ಮುಚ್ಚಿ ನಿಧಾನವಾಗಿ ಬೆಚ್ಚಗಾಗಿಸಿ, ಬಣ್ಣ ಬೇಗ ಮರಳದಿದ್ದರೆ ವೈದ್ಯರ ಬಳಿ ಹೋಗಿ. ಅವನ ಕೈಗೆ ಐದು ಬೆರಳಿನ ಗ್ಲೌಸ್ ಬೇಡ. ಹೆಬ್ಬೆರಳಿಗೆ ಮಾತ್ರ ಬೇರೆ ಗೂಡಿದ್ದು ಉಳಿದ ನಾಲ್ಕೂ ಒಟ್ಟಿಗಿರುವ, ನೀರು ಹಿಡಿಯದ ಕೈಗವಸು ತೆಗೆದುಕೊಳ್ಳಿ. ಬೆರಳುಗಳು ಒಂದನ್ನೊಂದು ಬೆಚ್ಚಗಿಡುತ್ತವೆ, ತೊಡಿಸುವುದೂ ಸುಲಭ. ಪ್ರತಿ ಮಗುವಿಗೂ ಎರಡು ಜೊತೆ ಇರಲಿ, ಒಂದು ನೆನೆಯುವುದು ನಿಶ್ಚಿತ. ಟೋಪಿ ನಮ್ಮ ಕುಲಾವಿಯ ಹಾಗೆ ಕಿವಿ ಮುಚ್ಚಿ ಗಲ್ಲದ ಕೆಳಗೆ ನಿಲ್ಲುವಂತಿರಲಿ, ಆದರೆ ಕಟ್ಟುವ ದಾರದ ಬದಲು ವೆಲ್ಕ್ರೊ ಇರುವುದನ್ನು ನೋಡಿ. ಮೈಪೂರ್ತಿ ಒಂದೇ ತುಂಡಾಗಿರುವ ಹಿಮದ ಉಡುಪು ನೋಡಲು ಚೆನ್ನ, ಆದರೆ ಮೂತ್ರಕ್ಕೆ ಅವಸರವಾದಾಗ ಪೂರ್ತಿ ಬಿಚ್ಚಬೇಕು. ಜರ್ಕಿನ್ ಬೇರೆ, ಹೆಗಲ ಪಟ್ಟಿಯಿರುವ ಪ್ಯಾಂಟ್ ಬೇರೆ ಇದ್ದರೆ ನಿಮಗೂ ಅವನಿಗೂ ನೆಮ್ಮದಿ.

ಬಾಡಿಗೆಯ ಬಗ್ಗೆ ನನ್ನ ಅಭಿಪ್ರಾಯ ಹೀಗಿದೆ. ಒಂದೇ ಪ್ರವಾಸಕ್ಕಾಗಿ ಹಿಮದ ಪ್ಯಾಂಟ್ ಕೊಳ್ಳುವ ಅಗತ್ಯವಿಲ್ಲ, ಅದನ್ನು ಅಲ್ಲಿಯೇ ಬಾಡಿಗೆಗೆ ತೆಗೆದುಕೊಳ್ಳಿ. ಅವು ಹಲವರು ತೊಟ್ಟವಾದ್ದರಿಂದ ಒಳಗೆ ನಿಮ್ಮದೇ ಥರ್ಮಲ್ (ಮೈಗಂಟುವ ಬೆಚ್ಚನೆಯ ಒಳಪದರ) ಮೈಪೂರ್ತಿ ಮುಚ್ಚಿರಲಿ, ತೆಗೆದುಕೊಳ್ಳುವ ಮುನ್ನ ಜಿಪ್ ಎಳೆದು ನೋಡಿ, ಒಳಗೆ ಕೈ ಹಾಕಿ ಒಣಗಿದೆಯೇ ಎಂದು ಖಚಿತಪಡಿಸಿಕೊಳ್ಳಿ. ಗಾಳಿ, ಮಳೆ ತಡೆಯುವ ತೆಳು ಜರ್ಕಿನ್ ಮಾತ್ರ ಕೊಳ್ಳಿ, ಏಕೆಂದರೆ ಅದು ಬೆಂಗಳೂರಿನ ಮಳೆಗಾಲಕ್ಕೂ ಬರುತ್ತದೆ. ಥರ್ಮಲ್ ಬಿಟ್ಟು ಉಳಿದದ್ದನ್ನು ಒಂದು ಅಳತೆ ದೊಡ್ಡದಾಗಿ ಕೊಂಡು ತೋಳನ್ನು ಒಳಮಡಿಸಿ ಹೊಲಿಸಿದರೆ ಎರಡು ಚಳಿಗಾಲಕ್ಕೆ ಆಗುತ್ತದೆ, ಅಕ್ಕನದು ತಮ್ಮನಿಗೂ ಬರುತ್ತದೆ.

ಬೂಟಿನ ವಿಷಯದಲ್ಲಿ ಮಾತ್ರ ದೊಡ್ಡದು ಎಂಬ ಲೆಕ್ಕ ಬೇಡ. ಬೆರಳ ಮುಂದೆ ಒಂದು ಹೆಬ್ಬೆರಳಿನ ಅಗಲದಷ್ಟು ಜಾಗ ಸಾಕು. ಬಾಡಿಗೆಯ ಗಂಬೂಟು ನೀರು ತಡೆಯುತ್ತದೆ, ಚಳಿ ತಡೆಯುವುದಿಲ್ಲ. ಮೊಣಕಾಲಿನವರೆಗೆ ಬರುವ ಉಣ್ಣೆಯ ಸಾಕ್ಸ್ ಒಂದು ಜೊತೆ ಹಾಕಿ. ಎರಡೆರಡು ಸಾಕ್ಸ್ ತುರುಕಿದರೆ ಕಾಲು ಬಿಗಿದು ರಕ್ತ ಓಡಾಡದೆ ಇನ್ನಷ್ಟು ತಣ್ಣಗಾಗುತ್ತದೆ. ಬಿಸಿಲಿದ್ದ ದಿನ ತಂಪು ಕನ್ನಡಕ ಮರೆಯಬೇಡಿ, ಹೊಸ ಹಿಮ ನೇರಳಾತೀತ ಕಿರಣಗಳಲ್ಲಿ ಶೇಕಡಾ 80ರಷ್ಟನ್ನು ಮೇಲಕ್ಕೆ ಹಿಮ್ಮೆಟ್ಟಿಸುತ್ತದೆ.

ಮಗಳ ಬೆಳಗಿನ ತರಬೇತಿಗೆ ಹೇಳುವುದಾದರೆ, ಮನಾಲಿಗೆಂದು ಕೊಳ್ಳುವ ತೆಳು ಥರ್ಮಲ್ ಇಲ್ಲಿ ಸೆಕೆಯಾಗುತ್ತದೆ. ಬೇಗ ಒಣಗುವ ಪಾಲಿಯೆಸ್ಟರ್ ಟೀ ಶರ್ಟ್, ಅದರ ಮೇಲೆ ಜಿಪ್ ಇರುವ ಫ್ಲೀಸ್ ಹಾಕಿ ಕಳಿಸಿ. ಓಟ ಶುರುವಾದಾಗ ಫ್ಲೀಸ್ ಬ್ಯಾಗಿಗೆ ಹೋಗಲಿ, ಸರದಿಗೆ ನಿಂತಾಗ ಮತ್ತೆ ಮೈಗೆ ಬರಲಿ. ಅತ್ತೆಯವರಿಗೆ ಬೇಡವೆಂದು ವಾದಿಸುವುದಕ್ಕಿಂತ, ತರಬೇತಿ ಮುಗಿದು ಮನೆಗೆ ಬಂದಾಗ ಮಗುವಿನ ಬೆನ್ನು ಮುಟ್ಟಿ ನೋಡಲು ಅವರಿಗೇ ಹೇಳಿ. ಟೋಪಿ ಅವರ ಇಷ್ಟದಂತೆಯೇ ಇರಲಿ, ಮೈದಾನದವರೆಗೆ ಸ್ಕೂಟರಿನಲ್ಲಿ ಹೋಗುವಾಗ ಗಾಳಿಗೆ ಅದು ಬೇಕೇ ಬೇಕು. ಈ ಪಾಲಿಯೆಸ್ಟರ್ ಬಟ್ಟೆಗಳನ್ನು ಒಗೆಯುವಾಗ ಪರಿಮಳದ ಕಂಡಿಷನರ್ ಹಾಕಬೇಡಿ, ಅದರ ಪದರ ಕೂತರೆ ಬಟ್ಟೆ ಬೆವರನ್ನು ಹೊರಕ್ಕೆ ಎಳೆಯುವುದು ಕಡಿಮೆಯಾಗುತ್ತದೆ.