ರಾತ್ರಿ ಅನ್ನ ಬಿಟ್ಟು ಮುದ್ದೆ ಹಿಡಿದರೂ ತೂಕ ಇಳಿಯುತ್ತಿಲ್ಲ, ಲೆಕ್ಕ ಎಲ್ಲಿ ತಪ್ಪಿದೆ?

ತಟ್ಟೆಲೆಕ್ಕ (ಪ್ರಶ್ನೆ):
ರಾತ್ರಿ ಅನ್ನದ ಬದಲು ಮುದ್ದೆ ಶುರುವಾಗಿ ಆರು ವಾರ. ತೂಕ 78 ಕೆಜಿಯಲ್ಲೇ ನಿಂತಿದೆ. ತೂಗಿ ಬರೆದಿಟ್ಟ ದಿನದ ಊಟ ಹೀಗಿದೆ. ಬೆಳಿಗ್ಗೆ ನಾಲ್ಕು ಇಡ್ಲಿ, 60 ಗ್ರಾಂ ಕಾಯಿಚಟ್ನಿ. ಮಧ್ಯಾಹ್ನ 350 ಗ್ರಾಂ ಅನ್ನ, ತಿಳಿಸಾರು, ಎರಡು ಚಮಚ ಪಲ್ಯ. ಸಂಜೆ ಬೆಲ್ಲ ಹಾಕಿದ ರಾಗಿ ಮಾಲ್ಟ್, 50 ಗ್ರಾಂ ಕೋಡುಬಳೆ. ರಾತ್ರಿ 100 ಗ್ರಾಂ ಹಿಟ್ಟಿನ ಮುದ್ದೆ, ಬಸ್ಸಾರು, ಒಂದು ಚಮಚ ಪಲ್ಯ. ಬೆಳಿಗ್ಗೆ 11ಕ್ಕೆ, ಸಂಜೆ 5ಕ್ಕೆ ಹೊಟ್ಟೆ ಚುರುಗುಟ್ಟುತ್ತೆ. ಥೈರಾಯ್ಡ್, ಸಕ್ಕರೆ ಎರಡೂ ಸರಿ ಇವೆ, ಮಾತ್ರೆ ಯಾವುದೂ ಇಲ್ಲ. ಮುದ್ದೆಗಿಂತ ಚಪಾತಿ ವಾಸಿಯೇ?

ಹುರುಳಿಕಟ್ಟು:
ಚಪಾತಿಗೆ ಹೋಗಿ ಪ್ರಯೋಜನವಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಕೋಷ್ಟಕ ನೋಡಿ: 100 ಗ್ರಾಂ ರಾಗಿಗೆ ಸುಮಾರು 320 ಕ್ಯಾಲೊರಿ, ಗೋಧಿ ಹಿಟ್ಟಿಗೂ ಅಷ್ಟೇ, ಅಕ್ಕಿಗೆ 356. ನಾರಿನಲ್ಲಿ ಅಕ್ಕಿಗಿಂತ ರಾಗಿ ಮುಂದಿದೆ ನಿಜ, 11 ಗ್ರಾಂ. ಪಾಲಿಶ್ ಅಕ್ಕಿಯಲ್ಲಿ ಮೂರೂ ಇಲ್ಲ. ಆದರೆ ಕ್ಯಾಲೊರಿಯ ಮಟ್ಟಿಗೆ ಅನ್ನ ತೆಗೆದು ಮುದ್ದೆ ಇಟ್ಟರೆ ಹೆಚ್ಚೇನೂ ಉಳಿಯಲ್ಲ.

ನಿಮ್ಮ ಪಟ್ಟಿಯಲ್ಲಿ ಕಣ್ಣಿಗೆ ಬಿದ್ದದ್ದು ಆ "ಒಂದು ಚಮಚ ಪಲ್ಯ". ಬಸ್ಸಾರು ಹೇಗಾಗುತ್ತೆ? ಕಾಳು, ಸೊಪ್ಪು ಬೇಯಿಸಿ ಬಸಿದ ಕಟ್ಟಿಗೆ ಖಾರ ರುಬ್ಬಿ ಹಾಕಿದರೆ ಸಾರು. ಬಸಿದು ಉಳಿದದ್ದಕ್ಕೆ ಒಗ್ಗರಣೆ ಕೊಟ್ಟರೆ ಪಲ್ಯ. ಪ್ರೋಟೀನು, ನಾರು ಬಹುಪಾಲು ಉಳಿಯುವುದು ಪಲ್ಯದಲ್ಲೇ. ನೀವು ಕಟ್ಟು ಬಡಿಸಿಕೊಂಡು ಸಾರವನ್ನು ಪಾತ್ರೆಯಲ್ಲೇ ಬಿಡುತ್ತಿದ್ದೀರಿ.

ಹೀಗೆ ಮಾಡಿ. ತಲೆಗೆ 40 ಗ್ರಾಂ ಒಣ ಹುರುಳಿಕಾಳು, ಅದರಲ್ಲಿ ಸುಮಾರು 9 ಗ್ರಾಂ ಪ್ರೋಟೀನ್, 130 ಕ್ಯಾಲೊರಿ. ಜೊತೆಗೆ 150 ಗ್ರಾಂ ದಂಟು ಅಥವಾ ಹರಿವೆ ಸೊಪ್ಪು. ಒಗ್ಗರಣೆಗೆ ತಲೆಗೆ ಒಂದು ಟೀ ಚಮಚ ಎಣ್ಣೆ ಮಾತ್ರ, ಅದೇ 40-45 ಕ್ಯಾಲೊರಿ ಆಗುತ್ತೆ. ಬಾಟಲಿಯಿಂದ ನೇರ ಬಗ್ಗಿಸಿದರೆ ಕೈಗೆ ಅಳತೆಯೇ ಸಿಗಲ್ಲ. ಆ ಪಲ್ಯ ಪೂರ್ತಿ ನಿಮ್ಮ ತಟ್ಟೆಗೆ. ಮುದ್ದೆ 70 ಗ್ರಾಂ ಹಿಟ್ಟಿನದು ಸಾಕು.

ಮಧ್ಯಾಹ್ನಕ್ಕೂ ಇದೇ ಮಾತು. 350 ಗ್ರಾಂ ಅನ್ನ ಅಂದರೆ ಸುಮಾರು 450 ಕ್ಯಾಲೊರಿ, 200 ಗ್ರಾಂ ಅಂದರೆ 260. ಅನ್ನ ಇಳಿಸಿದಷ್ಟು ಜಾಗಕ್ಕೆ ಸೌತೆ, ಹುರುಳಿಕಾಯಿ, ಎಲೆಕೋಸು ಯಾವುದಾದರೂ 200 ಗ್ರಾಂ ಬರಲಿ. ತಿಳಿಸಾರಿನ ಬದಲು ತಲೆಗೆ 40 ಗ್ರಾಂ ಬೇಳೆ ಬಿದ್ದ ಗಟ್ಟಿ ಹುಳಿ ಮಾಡಿ. ಹೊಟ್ಟೆಯ ಗೋಡೆ ಹಿಗ್ಗಿದ್ದನ್ನು ನರ ಮೆದುಳಿಗೆ ತಿಳಿಸುತ್ತೆ. ಅದು ನೋಡುವುದು ಊಟದ ಗಾತ್ರವನ್ನು, ಕ್ಯಾಲೊರಿಯನ್ನಲ್ಲ. ಹಸಿವು ಬೇಗ ಮರಳದಂತೆ ತಡೆಯುವ ಕೆಲಸ ಮುಖ್ಯವಾಗಿ ಪ್ರೋಟೀನಿನದು, ನಾರಿನದು. ಅನ್ನ-ತಿಳಿಸಾರಿನಲ್ಲಿ ಗಾತ್ರ ಇದೆ, ಇವೆರಡೂ ಕಡಿಮೆ.

ಸೊಪ್ಪಿನಕಟ್ಟೆ:
ಮೇಲಿನ ಲೆಕ್ಕ ಒಪ್ಪುತ್ತೇನೆ, ಆದರೆ ಮುದ್ದೆಯನ್ನು ನುಂಗುತ್ತೇವೆ ಅನ್ನುವುದೂ ಲೆಕ್ಕಕ್ಕೆ ಬರಬೇಕು. ಅಗಿಯದ ಊಟ ಐದು ನಿಮಿಷದಲ್ಲಿ ಮುಗಿಯುತ್ತೆ. ಸಾಕು ಅನ್ನುವ ಸಂದೇಶ ಪೂರ್ತಿ ಮುಟ್ಟಲು 15-20 ನಿಮಿಷ ಬೇಕು. ಅಷ್ಟರಲ್ಲಿ ಎರಡನೇ ಮುದ್ದೆ ತಟ್ಟೆಗೆ ಬಂದಿರುತ್ತೆ. ಅದಕ್ಕೇ ಮೊದಲು ಪಲ್ಯ, ಕೋಸಂಬರಿ ಅಗಿದು ತಿನ್ನಿ, ಆಮೇಲೆ ಮುದ್ದೆ ಮುರಿಯಿರಿ.

2019ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ತಂಡ 20 ಜನರನ್ನು ಇಟ್ಟುಕೊಂಡು ನೋಡಿತ್ತು. ಎರಡು ವಾರ ಕಾರ್ಖಾನೆಯ ಅತಿಸಂಸ್ಕರಿತ ಊಟ, ಎರಡು ವಾರ ಮಾಮೂಲಿ ಪದಾರ್ಥಗಳಿಂದ ಮಾಡಿದ ಊಟ, ಎಷ್ಟು ಬೇಕೋ ಅಷ್ಟು ತಿನ್ನಬಹುದು. ಮೊದಲನೆಯದರಲ್ಲಿ ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು, ವೇಗವಾಗಿಯೂ ತಿಂದರು. ಮೆತ್ತಗಿನ ಊಟ ಬೇಗ ಇಳಿಯುತ್ತೆ ಅನ್ನುವುದು ಕಾರಣಗಳಲ್ಲಿ ಒಂದಿರಬಹುದು.

ಮಾಲ್ಟ್ ನಿಲ್ಲಿಸಿ. ಅದೇ ರಾಗಿ ಕುಡಿಯುವ ರೂಪದಲ್ಲಿ ಮುದ್ದೆಯಷ್ಟು ಹೊಟ್ಟೆ ಹಿಡಿಯಲ್ಲ, ಬೆಲ್ಲ ಬೇರೆ. 25 ಗ್ರಾಂ ಹಿಟ್ಟು, 20 ಗ್ರಾಂ ಬೆಲ್ಲ ಹಾಕಿದರೆ 150 ಕ್ಯಾಲೊರಿ ದಾಟುತ್ತೆ. ಕೋಡುಬಳೆ 50 ಗ್ರಾಂ ಅಂದರೆ 250 ಹತ್ತಿರ, ಕರಿದ ಎಣ್ಣೆಯದೇ ದೊಡ್ಡ ಪಾಲು. ಆ ಹೊತ್ತಿಗೆ ಒಂದು ಸೀಬೆಹಣ್ಣು, 30 ಗ್ರಾಂ ಹುರಿಗಡಲೆ ತಿಂದರೆ 200ರೊಳಗೆ ಮುಗಿಯುತ್ತೆ, ಅಗಿಯುವ ಕೆಲಸವೂ ಇರುತ್ತೆ.

ಇಡ್ಲಿ ಮೂರಕ್ಕೆ ಇಳಿಸಿ, ಜೊತೆಗೆ ಎರಡು ಬೇಯಿಸಿದ ಮೊಟ್ಟೆ (12 ಗ್ರಾಂ ಪ್ರೋಟೀನ್). ಮೊಟ್ಟೆ ತಿನ್ನದಿದ್ದರೆ ಇಡ್ಲಿ ಬಿಟ್ಟು 60 ಗ್ರಾಂ ಹೆಸರುಕಾಳು ನೆನೆಸಿ ರುಬ್ಬಿದ ದೋಸೆ. ಚಟ್ನಿಗೆ ಹೀರೆಕಾಯಿ, ಕಾಯಿ ಒಂದೇ ಚಮಚ.

ತಟ್ಟೆಲೆಕ್ಕ:
ಕಾಳು ಇಷ್ಟು ಹೆಚ್ಚಿಸಿದರೆ ಹೊಟ್ಟೆ ಉಬ್ಬರ ಬರಲ್ವಾ? ಆಲೂಗಡ್ಡೆ ಪೂರ್ತಿ ಬಿಡಬೇಕಾ?

ತೂಕದಕಲ್ಲು:
ಒಂದೇ ಸಲ ಹೆಚ್ಚಿಸಿದರೆ ಬರುತ್ತೆ. ಮೊದಲ ವಾರ 20 ಗ್ರಾಂ, ಮೂರನೇ ವಾರಕ್ಕೆ 40 ಗ್ರಾಂ ಮಾಡಿ. 10-12 ಗಂಟೆ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಲ್ಲಿ ಹಿಸುಕಿದರೆ ಪುಡಿಯಾಗುವಷ್ಟು ಬೇಯಿಸಿ. ಅರೆಬೆಂದ ಹುರುಳಿಯೇ ಹೆಚ್ಚು ಕಾಡುವುದು. ನಾರು ಹೆಚ್ಚಿಸಿ ನೀರು ಹೆಚ್ಚಿಸದಿದ್ದರೆ ಮಲಬದ್ಧತೆಯೂ ಆಗಬಹುದು.

ಆಲೂಗಡ್ಡೆ ಪಾಪದ್ದು. 1995ರಲ್ಲಿ ಸಿಡ್ನಿ ವಿಶ್ವವಿದ್ಯಾಲಯದ ಸುಸಾನಾ ಹೋಲ್ಟ್ ತಂಡ 38 ಆಹಾರಗಳನ್ನು ಒಂದೊಂದನ್ನೂ 240 ಕ್ಯಾಲೊರಿಯಷ್ಟು ಕೊಟ್ಟು ಎರಡು ಗಂಟೆ ಹಸಿವು ಅಳೆಯಿತು. ಹೊಟ್ಟೆ ತುಂಬಿಸುವುದರಲ್ಲಿ ಬಿಳಿ ಬ್ರೆಡ್ಡಿಗೆ 100 ಅಂಕ ಅಂತಿಟ್ಟರೆ ಬಿಳಿ ಅನ್ನಕ್ಕೆ 138, ಬೇಯಿಸಿದ ಆಲೂಗಡ್ಡೆಗೆ 323, ಬೆಣ್ಣೆ ತುಂಬಿದ ಕ್ರೊಸಾಂ ಅನ್ನುವ ಬೇಕರಿ ತಿನಿಸಿಗೆ 47. ಬೇಯಿಸಿದ 100 ಗ್ರಾಂ ಆಲೂಗಡ್ಡೆ 80-90 ಕ್ಯಾಲೊರಿ, ಅದೇ ಚಿಪ್ಸ್ ಆದರೆ 500 ದಾಟುತ್ತೆ. ಎರಡು ಗಂಟೆಯ ಅಳತೆಯಿಂದ ತಿಂಗಳ ತೂಕ ಹೇಳಲಾಗದು, ಆದರೂ ಪಲ್ಯದ ಆಲೂಗಡ್ಡೆಗೆ ಹೆದರಬೇಡಿ. ಅನ್ನದ ಜೊತೆಗಲ್ಲ, ಅನ್ನದ ಬದಲಿಗೆ ತಿನ್ನಿ.

ಮೇಲೆ ಹೇಳಿದ್ದೆಲ್ಲ ಕೂಡಿ ಕಳೆದರೆ ದಿನಕ್ಕೆ ಹತ್ತಿರ ಹತ್ತಿರ 200 ಕ್ಯಾಲೊರಿ ಇಳಿಯಬಹುದು, ಅಂದರೆ ತಿಂಗಳಿಗೆ ಮುಕ್ಕಾಲು ಕೆಜಿ ಆಸುಪಾಸು. ದಿನಾ ಬೆಳಿಗ್ಗೆ ಶೌಚವಾದ ಮೇಲೆ ತೂಗಿ, ವಾರದ ಸರಾಸರಿ ಬರೆಯಿರಿ. ಉಪ್ಪಿನಕಾಯಿ, ಹಪ್ಪಳ ತಿಂದ ಮರುದಿನ ನೀರು ನಿಂತು ಒಂದು ಕೆಜಿ ಏರಿದಂತೆ ಕಂಡರೆ ಅದು ಕೊಬ್ಬಲ್ಲ.

ಇದನ್ನು ಓದುತ್ತಿರುವ ಬೇರೆಯವರು ಗಮನಿಸಿ: ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಅನ್ನುವ ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುವವರು ಅನ್ನ, ಮುದ್ದೆ ಏಕಾಏಕಿ ಇಳಿಸಿದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಮೊದಲು ಡಾಕ್ಟರ ಬಳಿ ಮಾತ್ರೆಯ ಪ್ರಮಾಣ ಕೇಳಿ. ಮೂತ್ರಪಿಂಡದ ತೊಂದರೆ ಇದ್ದವರೂ ಕಾಳು ಹೆಚ್ಚಿಸುವ ಮುಂಚೆ ಅವರನ್ನು ಕೇಳಬೇಕು.