ಸೇಫ್ಟಿ ಇಂಟರ್ನ್‌ಶಿಪ್‌ನಲ್ಲಿ ಬರೀ ಚೆಕ್‌ಲಿಸ್ಟ್ ಕೆಲಸ, ರಿಪೋರ್ಟಿಗೆ ಏನ್ ಬರೀಲಿ?

ಆಕ್ಯುಪೇಶನಲ್ ಸೇಫ್ಟಿ ಅಂಡ್ ಹೆಲ್ತ್ ಡಿಗ್ರಿ ಕೊನೇ ಸೆಮಿಸ್ಟರ್, ಒಂದು ಫ್ಯಾಕ್ಟರೀಲಿ ಇಂಟರ್ನ್‌ಶಿಪ್ ಮಾಡ್ತಿದೀನಿ. ಮೂರು ವಾರ ಆಯ್ತು, ಹೆಲ್ಮೆಟ್ ಹಾಕಿದಾರಾ ಶೂ ಹಾಕಿದಾರಾ ಅಂತ ಟಿಕ್ ಹಾಕೋದು, ಹಳೇ ಟ್ರೈನಿಂಗ್ ಫೈಲ್ ಜೋಡಿಸೋದು, ಇಷ್ಟೇ. ಪ್ರಾಜೆಕ್ಟ್ ರಿಪೋರ್ಟಲ್ಲಿ ಏನಂತ ಬರೀಲಿ, ಬೇರೆ ಕೆಲಸ ಕೇಳೋಕೂ ಭಯ ಆಗತ್ತೆ.

ಉತ್ತರ 1:
ಕೇಳಿ, ಖಂಡಿತ ಕೇಳಿ. ಆದ್ರೆ ಸುಮ್ನೆ "ಕೆಲಸ ಕೊಡಿ ಸರ್" ಅನ್ಬೇಡಿ, ಒಂದೇ ಒಂದು ವಿಷಯ ಹಿಡ್ಕೊಂಡು ಹೋಗಿ. ಉದಾಹರಣೆಗೆ ಶಬ್ದ. ದಿನಕ್ಕೆ 8 ಗಂಟೆ ಕೆಲಸಕ್ಕೆ 85 ಡೆಸಿಬಲ್ ಅನ್ನೋದು ತುಂಬಾ ಕಡೆ ಬಳಸೋ ಮಿತಿ, ಅದ್ರ ಮೇಲೆ 3 ಡೆಸಿಬಲ್ ಜಾಸ್ತಿ ಆದ್ರೆ ಶಬ್ದದ ಶಕ್ತಿ ಡಬಲ್, ಅಲ್ಲಿ ಇರಬಹುದಾದ ಸಮಯ ಅರ್ಧ, ಅಂದ್ರೆ 88ರಲ್ಲಿ 4 ಗಂಟೆ, 91ರಲ್ಲಿ ಬರೀ 2 ಗಂಟೆ. ಮೀಟರ್ ಇದ್ರೆ ಪ್ರತಿ ಮಷೀನ್ ಹತ್ರ ಅಳೆದು ಮ್ಯಾಪ್ ಮಾಡಿ. ಇಯರ್‌ಪ್ಲಗ್ ಕೊಡಿ ಅಂತ ಬರೆದು ಮುಗಿಸ್ಬೇಡಿ ಮತ್ತೆ, ಅದು ಕೊನೇ ದಾರಿ, ಮೊದ್ಲು ಮಷೀನ್‌ನ ಸುತ್ತ ಕವಚ ಹಾಕ್ಬಹುದಾ ನೋಡಿ.

ಉತ್ತರ 2:
ಮೇಲಿನವರು ಹೇಳಿದ್ದು ಸರಿ. ನಂದೊಂದು ಮಾತು, ಮೆಂಟೆನೆನ್ಸ್ ಹುಡುಗರ ಜೊತೆ ನಿಂತ್ಕೊಳ್ಳಿ. ರಿಪೇರಿ ಮಾಡುವಾಗ ಕರೆಂಟ್ ಆಫ್ ಮಾಡಿ ಬೀಗ ಹಾಕಿ ಟ್ಯಾಗ್ ನೇತುಹಾಕ್ತಾರಾ ಇಲ್ವಾ, ಆಫ್ ಆದ್ಮೇಲೂ ಹೈಡ್ರಾಲಿಕ್ ಪ್ರೆಷರ್ (ಮಷೀನ್ ಒಳಗಿನ ಎಣ್ಣೆಯ ಒತ್ತಡ) ಉಳಿದಿರತ್ತೆ ಅದನ್ನ ಹೊರಗೆ ಬಿಟ್ಟು ಖಾಲಿ ಮಾಡ್ತಾರಾ, ಕಣ್ಣಾರೆ ನೋಡಿ. ದಿನಾ ಸಂಜೆ ಡೈರಿ ಬರೀರಿ. ತಪ್ಪು ಹುಡುಕೋಕೆ ಬಂದವ್ರ ಥರ ನಿಲ್ಬೇಡಿ, ಕಲಿಯೋಕೆ ಬಂದಿದೀನಿ ಅಂದ್ರೆ ಅವ್ರೇ ಸ್ವಲ್ಪದ್ರಲ್ಲಿ ತಪ್ಪಿದ ಆಕ್ಸಿಡೆಂಟ್ ಎಲ್ಲಾ ಹೇಳ್ತಾರೆ.

ಕೇಳಿದವರು:
ಥ್ಯಾಂಕ್ಸ್ ಇಬ್ರಿಗೂ. ಸ್ಟೋರಲ್ಲಿ ಸೌಂಡ್ ಮೀಟರ್ ಇದೆಯಂತೆ, ನಾಳೆ ಮೇಡಂ ಹತ್ರ ಕೇಳ್ತೀನಿ.